ಕಾರು ಒರೆಸುವ ಮೈಕ್ರೋಫೈಬರ್ ಬಟ್ಟೆ: ಒಗೆಯುವುದು, ಒಣಗಿಸುವುದು, ಎತ್ತಿಡುವುದು

ತೊಳೆದು ಒರೆಸಿದ ಕಾರಿನ ಮೇಲೆ ಬಿಸಿಲು ಬಿದ್ದಾಗ ಸುತ್ತುಸುತ್ತಾದ ಸಣ್ಣ ಗೀರುಗಳು ಕಂಡರೆ, ಶಾಂಪೂ ಬದಲಿಸುವ ಮೊದಲು ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು ನೋಡಿ. ದುಬಾರಿ ಬಟ್ಟೆ ಕೂಡ ನಾಲ್ಕೈದು ಸಲ ತಪ್ಪಾಗಿ ಒಗೆದರೆ ಕೆಲಸಕ್ಕೆ ಬಾರದಂತಾಗುತ್ತದೆ. ಸಾಧಾರಣ ಬಟ್ಟೆಯನ್ನು ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಒಗೆಯುವ ನಿಯಮಗಳು ಹತ್ತಾರು ಇವೆ ಅನ್ನಿಸಬಹುದು. ಬಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಅವೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೈಕ್ರೋಫೈಬರ್ ಬಟ್ಟೆಯಲ್ಲಿ ಎರಡು ಬಗೆಯ ನೂಲು ಇರುತ್ತದೆ: ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದರೆ ನೈಲಾನ್. ಪೊಟ್ಟಣದ ಮೇಲೆ 80/20 ಅಥವಾ 70/30 ಎಂದು ಬರೆದಿರುವುದು ಇವೆರಡರ ಪ್ರಮಾಣ. ದೊಡ್ಡ ಅಂಕಿ ಪಾಲಿಯೆಸ್ಟರಿನದು. ಎರಡನ್ನೂ ಸೇರಿಸಿ ಒಂದೇ ಎಳೆ ತೆಗೆದು, ಆಮೇಲೆ ಆ ಎಳೆಯನ್ನು ಉದ್ದಕ್ಕೂ ಸೀಳುತ್ತಾರೆ. ಸೀಳಿದ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ನಕ್ಷತ್ರಾಕಾರದ ನೈಲಾನ್, ಅದರ ಸಂದುಗಳಿಂದ ಬಿಟ್ಟುಕೊಂಡ ಬೆಣೆಯಾಕಾರದ ಪಾಲಿಯೆಸ್ಟರ್ ಚೂರುಗಳು ಕಾಣುತ್ತವೆ. 9,000 ಮೀಟರ್ ಉದ್ದದ ಎಳೆ 1 ಗ್ರಾಂಗಿಂತ ಕಡಿಮೆ ತೂಗಿದರೆ ಅದಕ್ಕೆ ಮೈಕ್ರೋಫೈಬರ್ ಎನ್ನುತ್ತಾರೆ. ಸೀಳಿದ ಎಳೆಗಳ ತೂಕ ಅದರ ಹತ್ತನೇ ಒಂದು ಭಾಗದ ಹತ್ತಿರಕ್ಕೂ ಇಳಿಯುತ್ತದೆ. ನೀರು, ಧೂಳು, ವ್ಯಾಕ್ಸ್ ಎಲ್ಲ ಹೋಗಿ ಕೂರುವುದು ಈ ಚೂರುಗಳ ನಡುವಿನ ಸಂದುಗಳಲ್ಲಿ. ಪಾಲಿಯೆಸ್ಟರಿಗೆ ಜಿಡ್ಡು ಬೇಗ ಅಂಟುತ್ತದೆ, ನೈಲಾನ್ ನೀರನ್ನು ಹಿಡಿಯುತ್ತದೆ.

ಇಂಥ ಬಟ್ಟೆ ಕೆಡುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಸಂದುಗಳು ತುಂಬಿಕೊಳ್ಳಬಹುದು, ಎಳೆಗಳ ತುದಿ ಬಿಸಿಗೆ ಬಾಗಿ ಗಡುಸಾಗಬಹುದು. ಮೊದಲನೆಯದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಎರಡನೆಯದಕ್ಕೆ ಮದ್ದಿಲ್ಲ.

ಒಗೆಯುವ ಮುನ್ನ ಬೇರ್ಪಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು, ಹೆಚ್ಚು ಹಾನಿಯಾಗುವುದೂ ಇಲ್ಲೇ. ಚಕ್ರ ಒರೆಸಿದ ಬಟ್ಟೆಯಲ್ಲಿ ಬ್ರೇಕ್ ಧೂಳು ಇರುತ್ತದೆ. ಅದರಲ್ಲಿ ಕಬ್ಬಿಣದ ಚೂಪಾದ ಕಣಗಳಿರುತ್ತವೆ. ಅದನ್ನು ಪೇಂಟ್ ಒರೆಸುವ ಬಟ್ಟೆಯ ಜೊತೆ ಒಂದೇ ನೀರಿಗೆ ಹಾಕಿದರೆ ಕಣಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಹಿಡಿದದ್ದನ್ನು ಬಿಡದಿರುವುದೇ ಮೈಕ್ರೋಫೈಬರಿನ ಗುಣವಾದ್ದರಿಂದ, ಜಾಲಿಸಿದರೂ ಅವು ಸುಲಭಕ್ಕೆ ಹೊರಬರುವುದಿಲ್ಲ.

ಕನಿಷ್ಠ ಮೂರು ಗುಂಪು ಬೇಕು. ಪೇಂಟ್ ಮತ್ತು ಗಾಜಿಗೆ ಬಳಸಿದವು ಒಂದು. ಡ್ಯಾಶ್‌ಬೋರ್ಡ್, ಸೀಟು, ಬಾಗಿಲಿನ ಒಳಬದಿ ಒರೆಸಿದವು ಇನ್ನೊಂದು. ಚಕ್ರ, ಟೈರ್, ಎಂಜಿನ್ ಭಾಗ, ಸೈಲೆನ್ಸರ್ ತುದಿಗೆ ಬಳಸಿದವು ಮೂರನೆಯದು. ಕಾಂಪೌಂಡ್ (ಪೇಂಟಿನ ಗೀರು ಉಜ್ಜಿ ತೆಗೆಯುವ ಕ್ರೀಮು) ಅಥವಾ ಪಾಲಿಶ್ ತೆಗೆದ ಬಟ್ಟೆಗಳಿದ್ದರೆ ಅವನ್ನು ನಾಲ್ಕನೆಯ ಗುಂಪು ಮಾಡಿ, ಏಕೆಂದರೆ ಆ ಕ್ರೀಮುಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂತಹ ಉಜ್ಜುವ ಪುಡಿ ಇರುತ್ತದೆ. ಗುಂಪಿಗೊಂದು ಬಣ್ಣ ಗೊತ್ತುಮಾಡಿಕೊಂಡರೆ ತಲೆನೋವು ತಪ್ಪುತ್ತದೆ. ಯಾವ ಬಣ್ಣ ಯಾವುದಕ್ಕೆ ಎಂಬುದು ನಿಮ್ಮಿಷ್ಟ, ಆದರೆ ಚಕ್ರದ ಬಟ್ಟೆಗೆ ಕಪ್ಪು ಅಥವಾ ಕಂದು ಬಣ್ಣ ಇಡುವುದು ಜಾಣತನ. ಆ ಕಲೆಗಳು ಹೇಗೂ ಹೋಗುವುದಿಲ್ಲ.

ಬೇರ್ಪಡಿಸುವಾಗಲೇ ಪ್ರತಿ ಬಟ್ಟೆಯನ್ನೂ ಹೊರಗೆ ಜೋರಾಗಿ ಕೊಡವಿ. ಬೆಳಕಿಗೆ ಹಿಡಿದು ಅಂಗೈಯನ್ನು ಮೆಲ್ಲಗೆ ಆಡಿಸಿ: ಎಲೆಯ ಚೂರು, ಮುಳ್ಳು, ಮರಳು ಕಾಳು ಕೈಗೆ ಸಿಗುತ್ತವೆ. ಅಂಚಿನ ಹೊಲಿಗೆಯನ್ನು ಬೆರಳಿನಿಂದ ಮಡಿಸಿ ನೋಡುವುದನ್ನು ಮರೆಯಬೇಡಿ. ಹೊಲಿಗೆಯ ದಾರ ಬಟ್ಟೆಯನ್ನು ಬಿಗಿದು ಹಿಡಿದಿರುವ ಕಡೆ ಒಂದು ಸಣ್ಣ ಚರಂಡಿಯೇ ಆಗಿರುತ್ತದೆ, ಮರಳು ಹೋಗಿ ಸೇರುವುದು ಅಲ್ಲಿಗೆ. ತಯಾರಕರ ಲೇಬಲ್ ಇನ್ನೂ ಇದ್ದರೆ ಹೊಲಿಗೆ ಬಿಚ್ಚಿ ತೆಗೆಯಿರಿ. ಕತ್ತರಿಸಿ ಬಿಟ್ಟರೆ ಉಳಿಯುವ ಗಟ್ಟಿ ತುಂಡೇ ಗೀರು ಹಾಕುತ್ತದೆ. ಪೇಂಟಿಗೆ ಹೊಸ ಬಟ್ಟೆ ಕೊಳ್ಳುವುದಾದರೆ ಅಂಚಿಗೆ ಹೊಲಿಗೆಯೇ ಇಲ್ಲದ ಬಗೆಯನ್ನು ಆರಿಸಿಕೊಳ್ಳುವುದು ಉತ್ತಮ.

ಹೊಸ ಬಟ್ಟೆಯನ್ನು ಪೊಟ್ಟಣದಿಂದ ತೆಗೆದು ನೇರ ಕಾರಿಗೆ ಹಚ್ಚಬಾರದು. ಅದರಲ್ಲಿ ಬಿಡಿ ಎಳೆ, ಹೆಚ್ಚುವರಿ ಬಣ್ಣ, ನೇಯ್ಗೆಯ ಹೊತ್ತಿನಲ್ಲಿ ಹಾಕಿದ ಎಣ್ಣೆ ಉಳಿದಿರುತ್ತವೆ. ಗಾಢ ಬಣ್ಣದವನ್ನು ಮೊದಲೆರಡು ಸಲ ಬೇರೆಯಾಗಿಯೇ ಒಗೆಯಿರಿ.

ನೆನೆಹಾಕುವುದು

ಕಾರಿನ ಕೆಲಸ ಮುಗಿದ ಕೂಡಲೇ ಒಗೆಯಲಾಗದಿದ್ದರೆ ಕನಿಷ್ಠ ನೀರಿನಲ್ಲಾದರೂ ಹಾಕಿಡಿ. ಪಾಲಿಶ್, ವ್ಯಾಕ್ಸ್, ಸೀಲಂಟ್ (ಪೇಂಟನ್ನು ಕಾಪಾಡಲು ಹಚ್ಚುವ ಲೇಪ) ಒಣಗಿ ಗಟ್ಟಿಯಾದ ಮೇಲೆ ತೆಗೆಯಲು ಎರಡು ಪಟ್ಟು ಕಷ್ಟ. ಹಾಗೆಂದು ರಾತ್ರಿಯಿಡೀ ನೀರಿನಲ್ಲಿ ಕೊಳೆಯಲು ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆ ಸಾಕು.

10 ಲೀಟರ್ ಬಕೆಟ್ಟಿನಲ್ಲಿ 6–7 ಲೀಟರ್ ಬೆಚ್ಚಗಿನ ನೀರು, ಅದಕ್ಕೆ 15 ಮಿಲಿ ದ್ರವ ಡಿಟರ್ಜೆಂಟ್. ಇಷ್ಟರಲ್ಲಿ ಮಧ್ಯಮ ಗಾತ್ರದ ಎಂಟು ಹತ್ತು ಬಟ್ಟೆ ಸಡಿಲವಾಗಿ ಮುಳುಗುತ್ತವೆ. ಕೈ ಸುಡದಷ್ಟು ಬೆಚ್ಚಗಿದ್ದರೆ ಸರಿ, ಅಂದರೆ ಸುಮಾರು 40 ಡಿಗ್ರಿ. ಆಗಾಗ ಬಟ್ಟೆಗಳನ್ನು ಮೇಲೆ ಕೆಳಗೆ ಅದ್ದಿ, ಸಮಯವಾದ ಮೇಲೆ ಒಂದೊಂದನ್ನೇ ಎತ್ತಿ ಹಿಂಡಿ. ಬಕೆಟ್ಟಿನ ತಳದಲ್ಲಿ ಕೂತ ಕೆಸರಿನ ಮೇಲೆ ಬಟ್ಟೆ ಬೀಳದಂತೆ ನೋಡಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೆನೆಹಾಕಿದ್ದು ವ್ಯರ್ಥ.

ವ್ಯಾಕ್ಸ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ: ಬಿಸಿನೀರು ಹಾಕಿದರೆ ಕರಗಿ ಹೋಗುತ್ತದೆ ಎಂದು. ಕಾರಿಗೆ ಹಚ್ಚುವ ಕಾರ್ನೌಬಾ ವ್ಯಾಕ್ಸ್ (ಒಂದು ಬಗೆಯ ತಾಳೆ ಎಲೆಯ ಮೇಣ) ಕರಗಲು 80 ಡಿಗ್ರಿಗೂ ಮೇಲಿನ ಬಿಸಿ ಬೇಕು. ಅಷ್ಟು ಬಿಸಿಯಲ್ಲಿ ಬಟ್ಟೆಯೇ ಹಾಳು. ವ್ಯಾಕ್ಸ್ ತೆಗೆಯಬೇಕಾದದ್ದು ಡಿಟರ್ಜೆಂಟು ಮತ್ತು ಕೈಯ ಉಜ್ಜಾಟ. ಗಟ್ಟಿ ಕಲೆಯ ಮೇಲೆ ಎರಡು ತೊಟ್ಟು ಪಾತ್ರೆ ತೊಳೆಯುವ ದ್ರವ ಅಥವಾ ನೀರು ಬೆರೆಸಿದ ಆಲ್ ಪರ್ಪಸ್ ಕ್ಲೀನರ್ ಹಾಕಿ, ಬಟ್ಟೆಯ ಒಂದು ಮಗ್ಗುಲನ್ನು ಇನ್ನೊಂದಕ್ಕೆ ಉಜ್ಜಿ. ಗಡುಸು ಬ್ರಷ್ ಬೇಡ, ಅದು ಎಳೆಗಳನ್ನು ಕೀಳುತ್ತದೆ. ಪಾತ್ರೆಯ ದ್ರವ ವಿಪರೀತ ನೊರೆ ಬರಿಸುವುದರಿಂದ ಮಷೀನಿಗೆ ಹಾಕುವ ಮೊದಲು ಆ ಜಾಗವನ್ನು ಜಾಲಿಸಿಬಿಡಿ.

ಕಾಂಪೌಂಡ್ ಹಿಡಿದ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿದಾಗ ಬೀಳುವ ನೀರಿನಲ್ಲಿ ಹಾಲಿನ ಬಣ್ಣ ಹೋಗುವವರೆಗೂ ಜಾಲಿಸಬೇಕು. ಆ ಮೇಲೆಯೇ ಮಷೀನು.

ಮಷೀನಿನಲ್ಲಿ

ಡಿಟರ್ಜೆಂಟ್ ದ್ರವವಾಗಿರಲಿ. ಪುಡಿ ತಣ್ಣೀರಿನಲ್ಲಿ ಪೂರ್ತಿ ಕರಗದೆ ಎಳೆಗಳ ನಡುವೆ ಕೂರಬಹುದು. ಕೆಲವು ಪುಡಿಗಳಲ್ಲಿರುವ ಜಿಯೋಲೈಟ್ ಎಂಬ ಖನಿಜ ನೀರಿನಲ್ಲಿ ಕರಗುವುದೇ ಇಲ್ಲ. ಬಣ್ಣ, ಸುಗಂಧ ಇಲ್ಲದ ದ್ರವ ಸಿಕ್ಕರೆ ಒಳ್ಳೆಯದು. 'ಸಾಫ್ಟ್‌ನರ್ ಸೇರಿದೆ' ಎಂದು ಬರೆದಿರುವುದನ್ನು ಮಾತ್ರ ಮುಟ್ಟಬೇಡಿ. ಮೈಕ್ರೋಫೈಬರಿಗೆಂದೇ ಮಾರುವ ದ್ರವಗಳಿವೆ, ಅವು ಚೆನ್ನಾಗಿ ಜಾಲಿಸಿಕೊಂಡು ಹೋಗುತ್ತವೆ. ಅದು ಸಿಗದಿದ್ದರೆ ಸಾಧಾರಣ ದ್ರವವನ್ನೇ ಕಡಿಮೆ ಹಾಕಿದರೂ ಫಲಿತಾಂಶ ಸೊಗಸಾಗಿರುತ್ತದೆ.

ಕಡಿಮೆ ಎಂದರೆ ಎಷ್ಟು? 40×40 ಸೆಂ.ಮೀ. ಬಟ್ಟೆಯ ದಪ್ಪ 350 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 350 ಗ್ರಾಂ ಇದ್ದರೆ ಒಂದರ ತೂಕ ಸುಮಾರು 56 ಗ್ರಾಂ. ಇಪ್ಪತ್ತು ಸೇರಿದರೂ 1.1 ಕೆಜಿ. ಅಷ್ಟಕ್ಕೆ 25–30 ಮಿಲಿ ದ್ರವ ಧಾರಾಳವಾಯಿತು. ಬಾಟಲಿಯ ಮುಚ್ಚಳದ ಅಳತೆ ಇಡೀ ಮಷೀನು ತುಂಬುವಷ್ಟು ಹತ್ತಿ ಬಟ್ಟೆಗೆ ಕೊಟ್ಟದ್ದು, ಅದನ್ನು ಅನುಸರಿಸಿದರೆ ನೊರೆ ಉಳಿಯುತ್ತದೆ. ಉಳಿದ ನೊರೆ ಗಾಜಿನ ಮೇಲೆ ಮಸುಕು ಪಟ್ಟೆಯಾಗಿ ಕಾಣಿಸಿಕೊಳ್ಳುತ್ತದೆ.

ಹತ್ತಿ ಬಟ್ಟೆ ಒಂದೂ ಜೊತೆಗಿರಬಾರದು. ಟವೆಲ್, ಬನಿಯನ್ನು, ಕಾಲುಚೀಲ ಬಿಡುವ ನೂಲಿನ ಜೂಲನ್ನೆಲ್ಲ ಮೈಕ್ರೋಫೈಬರ್ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಅದು ಕಾರಿನ ಮೇಲೆ ಉದುರುತ್ತದೆ. ಜಿಪ್, ಹುಕ್, ವೆಲ್ಕ್ರೋ ಇರುವುದೂ ಬೇಡ. ನೀರು ಒರೆಸುವ ದಪ್ಪ ಟವೆಲ್ಲಿನ ಹೊಸೆದ ಕುಣಿಕೆಗಳಿಗೆ ವೆಲ್ಕ್ರೋ ಸಿಕ್ಕಿದರೆ ಒಂದೇ ಒಗೆತಕ್ಕೆ ದಾರ ಎಳೆದು ಹಾಕುತ್ತದೆ. ಹೀಗೆ ಹೊರಬಂದ ದಾರವನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಿ.

ಡ್ರಮ್ಮು ಅರ್ಧದಿಂದ ಮೂರನೇ ಎರಡರಷ್ಟು ಮಾತ್ರ ತುಂಬಲಿ. ಮನೆಯ ಬಟ್ಟೆಗೆ ಸಾಫ್ಟ್‌ನರ್ ಬಳಸುವ ಮಷೀನಾದರೆ ಮೊದಲು ಅದರ ಟ್ರೇಯನ್ನು ಬಿಚ್ಚಿ ತೊಳೆದು, ಬರಿದೇ ಒಂದು ಸುತ್ತು ಜಾಲಿಸಿಕೊಳ್ಳಿ. ನೀರು 30–40 ಡಿಗ್ರಿ, ನಾಜೂಕು ಬಟ್ಟೆಯ ಅಥವಾ ಸಿಂಥೆಟಿಕ್ ಬಟ್ಟೆಯ ಸೆಟ್ಟಿಂಗ್, ತಿರುಗುವ ವೇಗ ನಿಮಿಷಕ್ಕೆ 600–800 ಸುತ್ತು. ಹೆಚ್ಚುವರಿ ಜಾಲಿಕೆ ಕಡ್ಡಾಯ. ನೀರು ಉಳಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿಬಿಡಿ, ಈ ಬಟ್ಟೆಗೆ ನೀರು ಧಾರಾಳವಾಗಿ ಬೇಕು. ಕೊನೆಯ ಜಾಲಿಕೆಯಲ್ಲಿ ಮಷೀನಿನ ಗಾಜಿನೊಳಗೆ ಇಣುಕಿ: ನೊರೆಯ ಗುಳ್ಳೆ ಕಂಡರೆ ಇನ್ನೊಂದು ಸಲ ಜಾಲಿಸಿ.

60×90 ಸೆಂ.ಮೀ.ನ 1,200 ಜಿಎಸ್‌ಎಂ ಟವೆಲ್ ಒಣಗಿದ್ದಾಗಲೇ ಸುಮಾರು 650 ಗ್ರಾಂ ತೂಗುತ್ತದೆ, ನೀರು ಕುಡಿದರೆ ಹಲವು ಪಟ್ಟು. ಅದೊಂದನ್ನೇ ಹಾಕಿದರೆ ಡ್ರಮ್ಮಿನ ಒಂದೇ ಕಡೆ ಭಾರ ಬಿದ್ದು ಮಷೀನು ಕುಣಿಯುತ್ತದೆ. ಇಂಥವೆರಡನ್ನು ಜೋಡಿಯಾಗಿ ಹಾಕಿ, ಇಲ್ಲವೇ ಅದೇ ಗುಂಪಿನ ಸಣ್ಣ ಬಟ್ಟೆಗಳನ್ನು ಜೊತೆಗೆ ಸೇರಿಸಿ.

ಸಾಫ್ಟ್‌ನರ್ ಬೇಡ ಎಂದು ಎಲ್ಲರೂ ಹೇಳುತ್ತಾರೆ, ಏಕೆ ಎಂದು ಹೇಳುವವರು ಕಡಿಮೆ. ಅದು ಬಟ್ಟೆಯನ್ನು ಮೆತ್ತಗೆ ಮಾಡುವುದೇ ಎಳೆಗಳ ಮೇಲೆ ಜಿಡ್ಡಿನಂಥ ತೆಳು ಪದರವನ್ನು ಬಿಟ್ಟು. ಹತ್ತಿಗೆ ಅದು ನಡೆಯುತ್ತದೆ. ಇಲ್ಲಿ ಅದೇ ಪದರ ಸಂದುಗಳನ್ನು ಮುಚ್ಚಿ, ಬಟ್ಟೆ ನೀರನ್ನು ಹೀರುವ ಬದಲು ಮುಂದಕ್ಕೆ ತಳ್ಳುವಂತೆ ಮಾಡುತ್ತದೆ. ಡ್ರೈಯರಿಗೆ ಹಾಕುವ ಸುಗಂಧದ ಹಾಳೆಗಳದ್ದೂ ಇದೇ ಕಥೆ. ಕ್ಲೋರಿನ್ ಬ್ಲೀಚು ಮಾಡುವ ಹಾನಿ ಬೇರೆ ಬಗೆಯದು: ಅದು ನೈಲಾನನ್ನೇ ತಿನ್ನುತ್ತದೆ. ಬಟ್ಟೆ ನೋಡಲು ಶುಭ್ರವಾಗಿಯೇ ಇರುತ್ತದೆ, ಆದರೆ ನೀರು ಹಿಡಿಯುವ ಎಳೆಗಳು ಬಲಗುಂದಿ ಉದುರತೊಡಗುತ್ತವೆ.

ಬಿಸಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪಾಲಿಯೆಸ್ಟರ್ ಕರಗುವುದು ಸುಮಾರು 250 ಡಿಗ್ರಿಯಲ್ಲಿ. ಹಾಗಾಗಿ ಬಿಸಿನೀರಿಗೆ ಎಳೆ ಕರಗಿಹೋಯಿತು ಎನ್ನುವುದು ನಿಜವಲ್ಲ. ಆದರೆ 70–80 ಡಿಗ್ರಿಯ ಆಸುಪಾಸಿನಲ್ಲೇ ಅದು ಬಿಗಿ ಸಡಿಲಿಸಿ ಮೆತ್ತಗಾಗತೊಡಗುತ್ತದೆ, ನೈಲಾನ್ ಅದಕ್ಕೂ ಮೊದಲೇ. ಮೆತ್ತಗಾದ ತುದಿಗಳು ಡ್ರೈಯರಿನ ಹೊರಳಾಟದಲ್ಲಿ ಬಾಗಿ, ಒಂದಕ್ಕೊಂದು ಒತ್ತಿಕೊಂಡು, ತಣ್ಣಗಾದಾಗ ಅದೇ ಆಕಾರದಲ್ಲಿ ನಿಂತುಬಿಡುತ್ತವೆ. ಕೈಗೆ ಒರಟಾಗಿ ತಾಗುವುದು ಇವೇ. ಚಕ್ರದ ಗುಂಪಿನ ಬಟ್ಟೆಯಲ್ಲಿ ಜಿಡ್ಡು ವಿಪರೀತವಿದ್ದರೆ, ತಯಾರಕರು ಒಪ್ಪಿದ್ದರೆ, ಅಪರೂಪಕ್ಕೊಮ್ಮೆ 60 ಡಿಗ್ರಿಗೆ ಹೋಗಬಹುದು. ಪೇಂಟಿನ ಬಟ್ಟೆಗೆ ಅದು ಬೇಡ.

ಮಷೀನು ಇಲ್ಲದಿದ್ದರೆ ಕೈಯಲ್ಲೇ ಒಗೆಯಬಹುದು, ಐದಾರು ಬಟ್ಟೆಗೆ ಅದೇ ವಾಸಿ. ನೆನೆಹಾಕಿದ ನೀರಿನಲ್ಲೇ ಕೈಯಿಂದ ಅಮುಕಿ ತೊಳೆದು, ನಂತರ ಕನಿಷ್ಠ ಮೂರು ಸಲ ಹೊಸ ನೀರಿನಲ್ಲಿ ಜಾಲಿಸಿ. ಕಲ್ಲಿನ ಮೇಲೆ ಬಡಿಯುವುದು, ಬಾರ್ ಸೋಪು ಉಜ್ಜುವುದು ಎರಡೂ ಬೇಡ. ಸೋಪು ಗಡಸು ನೀರಿನ ಜೊತೆ ಸೇರಿ ಬಿಳಿ ಕಸರಾಗುತ್ತದೆ, ಅದು ಎಳೆಯಿಂದ ಬಿಡಿಸಲಾಗದ ವಸ್ತು. ಹಿಂಡುವಾಗ ಹಗ್ಗದಂತೆ ತಿರುಚದೆ ಮಡಿಸಿ ಅಮುಕಿ.

ಒಣಗಿಸುವುದು

ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲದಿಂದ ಎತ್ತರದಲ್ಲಿ ಹರವಿ. ದಾರಿಯ ಧೂಳು ಹಾರುವ ಜಾಗವಾದರೆ ಮನೆಯೊಳಗೇ ಹಾಕಿ; ಒದ್ದೆ ಮೈಕ್ರೋಫೈಬರಿಗಿಂತ ಚೆನ್ನಾಗಿ ಧೂಳು ಹಿಡಿಯುವ ವಸ್ತು ಇನ್ನೊಂದಿಲ್ಲ. ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ನೇರಳಾತೀತ ಕಿರಣಗಳಿಗೆ ನೈಲಾನ್ ಹಳದಿಗಟ್ಟಿ ಬಲ ಕಳೆದುಕೊಳ್ಳುತ್ತದೆ. ಹಗ್ಗದ ಮೇಲೆ ಒಣಗಿದ ಬಟ್ಟೆ ಸ್ವಲ್ಪ ಪೆಡಸಾಗುವುದು ಸಹಜ. ಹಾಕುವ ಮೊದಲು ಎರಡು ಮೂಲೆ ಹಿಡಿದು ಚಟೀರೆಂದು ಕೊಡವಿ, ಒಣಗಿದ ಮೇಲೆ ಇನ್ನೊಮ್ಮೆ ಕೊಡವಿ ಕೈಯಲ್ಲಿ ಉಜ್ಜಿದರೆ ಎಳೆಗಳು ಬಿಟ್ಟುಕೊಳ್ಳುತ್ತವೆ.

ಡ್ರೈಯರ್ ಇದ್ದವರು ಅದರ ಜೂಲಿನ ಜಾಲರಿಯನ್ನು ಮೊದಲು ಪೂರ್ತಿ ಚೊಕ್ಕ ಮಾಡಿಕೊಂಡು, ಅತಿ ಕಡಿಮೆ ಬಿಸಿಯಲ್ಲಿ ಅಥವಾ ಬರಿಯ ಗಾಳಿಯಲ್ಲಿ 20–30 ನಿಮಿಷ ತಿರುಗಿಸಿ ಹೊರತೆಗೆಯಲಿ. ಮೃದುತನ ಇದರಲ್ಲೇ ಹೆಚ್ಚು ಸಿಗುತ್ತದೆ. ದಪ್ಪ ಟವೆಲ್ಲುಗಳು ಹೊರಗೆ ಒಣಗಿದಂತೆ ಕಂಡರೂ ಒಳಪದರದಲ್ಲಿ ತೇವ ಉಳಿದಿರುತ್ತದೆ, ಅವನ್ನು ಮತ್ತೆ ಹರವಬೇಕು. ಇಸ್ತ್ರಿ ಯಾವತ್ತೂ ಬೇಡ.

ಪೆಟ್ರೋಲ್, ಥಿನ್ನರ್, ಎಂಜಿನ್ ಆಯಿಲ್ ಕುಡಿದ ಬಟ್ಟೆಯನ್ನು ಮಷೀನಿಗಾಗಲೀ ಡ್ರೈಯರಿಗಾಗಲೀ ಹಾಕಲೇಬೇಡಿ. ಬೆಂಕಿಯ ಅಪಾಯ ನಿಜವಾದದ್ದು. ಅಗಸೆ ಎಣ್ಣೆಯಂತಹ, ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತನ್ನಷ್ಟಕ್ಕೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅಂಥದ್ದನ್ನು ನೀರಿನಲ್ಲಿ ಮುಳುಗಿಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು ವಿಲೇವಾರಿ ಮಾಡಿ.

ಕೆಟ್ಟಿದೆಯೇ, ಸರಿಹೋಗುತ್ತದೆಯೇ

ಒಂದು ಚೊಕ್ಕ ಗಾಜಿನ ಮೇಲೆ ಒಂದು ಚಮಚ ನೀರು ಹಾಕಿ, ಒಣ ಬಟ್ಟೆಯನ್ನು ಒತ್ತದೆ ಅದರ ಮೇಲೆ ಎಳೆಯಿರಿ. ಸರಿಯಿರುವ ಬಟ್ಟೆ ಒಂದೇ ಎಳೆತಕ್ಕೆ ನೀರನ್ನೆಲ್ಲ ತೆಗೆದುಕೊಂಡು ಹಿಂದೆ ಸಣ್ಣ ತೇವವಷ್ಟೇ ಬಿಡುತ್ತದೆ, ಅದೂ ಕ್ಷಣದಲ್ಲಿ ಆರುತ್ತದೆ. ನೀರು ಅಂಚಿನ ಮುಂದೆ ಉರುಳುತ್ತಾ ಹೋದರೆ ಸಂದು ತುಂಬಿದೆ. ಪಟ್ಟೆ ಉಳಿದರೆ ಡಿಟರ್ಜೆಂಟೋ ಸಾಫ್ಟ್‌ನರೋ ಉಳಿದಿದೆ.

ಇವೆರಡಕ್ಕೂ ಮದ್ದು ಒಂದೇ. 40 ಡಿಗ್ರಿ ನೀರಿನಲ್ಲಿ ಸ್ವಲ್ಪವೇ ದ್ರವ ಡಿಟರ್ಜೆಂಟ್ ಹಾಕಿ ಒಂದು ಗಂಟೆ ನೆನೆಸಿ ಒಗೆಯಿರಿ, ಆಮೇಲೆ ಡಿಟರ್ಜೆಂಟೇ ಇಲ್ಲದೆ ಇನ್ನೊಂದು ಸುತ್ತು. ಗಡಸು ನೀರಿನ ಸುಣ್ಣ ಕೂತು ಬಟ್ಟೆ ಹಲಗೆಯಂತಾಗಿದ್ದರೆ 5 ಲೀಟರ್ ನೀರಿಗೆ 100 ಮಿಲಿ ಬಿಳಿ ವಿನೆಗರ್ (5% ಆಮ್ಲದ್ದು) ಅಥವಾ ಒಂದು ಟೀ ಚಮಚ ಸಿಟ್ರಿಕ್ ಆಮ್ಲ ಬೆರೆಸಿ ಅರ್ಧ ಗಂಟೆ ಮುಳುಗಿಸಿ, ಚೆನ್ನಾಗಿ ಜಾಲಿಸಿ. ಇದನ್ನು ಬಕೆಟ್ಟಿನಲ್ಲೇ ಮಾಡಿ, ಮಷೀನಿನ ರಬ್ಬರಿಗೆ ಪದೇ ಪದೇ ಆಮ್ಲ ತಾಗಿಸಬೇಕಿಲ್ಲ. ವಿನೆಗರನ್ನು ಬ್ಲೀಚಿನ ಜೊತೆ ಎಂದೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಇಷ್ಟೆಲ್ಲ ಆದ ಮೇಲೂ ಒರಟು ಹೋಗದಿದ್ದರೆ ಬಿಸಿಯಿಂದ ಕೆಟ್ಟದ್ದು ಎಂದೇ ಅರ್ಥ. ಅನುಮಾನವಿದ್ದರೆ ಬೇಡವಾದ ಸಿ.ಡಿ.ಯ ಹೊಳೆಯುವ ಮಗ್ಗುಲನ್ನು ಆ ಬಟ್ಟೆಯಿಂದ ಹತ್ತು ಸಲ ಒತ್ತಿ ಒರೆಸಿ ಬೆಳಕಿಗೆ ಹಿಡಿಯಿರಿ. ಗೀರು ಕಂಡರೆ ಅದು ಪೇಂಟಿಗೆ ಸಲ್ಲದು. ಕಲೆ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಬಟ್ಟೆಯನ್ನು ಎಸೆಯಬೇಕಿಲ್ಲ; ಬಣ್ಣ ಕೆಟ್ಟರೂ ಎಳೆ ಮೃದುವಾಗಿದ್ದು ನೀರು ಹೀರಿದರೆ ಅದು ಒಳ್ಳೆಯ ಬಟ್ಟೆಯೇ.

ಎತ್ತಿಡುವುದು, ಬಳಸುವುದು, ಇಳಿಸುವುದು

ಪೂರ್ತಿ ಒಣಗಿದ್ದನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಗುಂಪಿಗೊಂದರಂತೆ ಇಡಿ. ಗ್ಯಾರೇಜಿನ ತೆರೆದ ಗೂಡಿನಲ್ಲಿಟ್ಟರೆ ಬಳಸುವ ಮೊದಲೇ ಧೂಳು ಕುಡಿದಿರುತ್ತವೆ. ಒದ್ದೆ ಬಟ್ಟೆಯನ್ನು ಡಿಕ್ಕಿಯಲ್ಲಿ ಮುದ್ದೆ ಮಾಡಿ ಹಾಕಿಕೊಂಡು ಓಡಾಡಿದರೆ ಬೂಷ್ಟು ಗ್ಯಾರಂಟಿ.

ಬಳಸುವಾಗ 40×40ರ ಬಟ್ಟೆಯನ್ನು ನಾಲ್ಕಾಗಿ ಮಡಿಸಿ. ಎಂಟು ಚೊಕ್ಕ ಮುಖಗಳು ಸಿಗುತ್ತವೆ, ಒಂದು ಕೊಳೆಯಾದಾಗ ಇನ್ನೊಂದಕ್ಕೆ ತಿರುಗಿಸಿ. ಎರಡು ಮಗ್ಗುಲಿನ ಎಳೆ ಬೇರೆ ಬೇರೆ ಉದ್ದವಿದ್ದರೆ ಗಿಡ್ಡದ್ದು ವ್ಯಾಕ್ಸ್ ತೆಗೆಯಲು, ಉದ್ದದ್ದು ಕೊನೆಯ ಹೊಳಪಿಗೆ. ನೆಲಕ್ಕೆ ಬಿದ್ದ ಬಟ್ಟೆ ಒಗೆಯುವವರೆಗೆ ಪೇಂಟ್ ಮುಟ್ಟಬಾರದು, ಕೊಡವಿದರೆ ಸಾಲದು.

ಪೇಂಟಿನ ಬಟ್ಟೆ ಹಳತಾದರೆ ಒಳಭಾಗಕ್ಕೆ, ಅಲ್ಲಿ ಸವೆದರೆ ಚಕ್ರಕ್ಕೆ, ಕೊನೆಗೆ ಎಂಜಿನ್ ಭಾಗಕ್ಕೆ ಇಳಿಸಿ. ಎಷ್ಟೇ ಚೆನ್ನಾಗಿ ಒಗೆದರೂ ಮತ್ತೆ ಮೇಲೆ ಹತ್ತಿಸಬೇಡಿ, ಅದರಲ್ಲೂ ಟೈರ್ ಪಾಲಿಶ್ ಹತ್ತಿದ್ದನ್ನು, ಏಕೆಂದರೆ ಅದರ ಸಿಲಿಕೋನ್ ಒಗೆತಕ್ಕೆ ಪೂರ್ತಿ ಹೋಗುವುದಿಲ್ಲ. ಸೆರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಹಚ್ಚುವ, ಒಣಗಿ ಗಟ್ಟಿಯಾಗುವ ರಕ್ಷಣಾ ಲೇಪ) ಒರೆಸಿದ ಬಟ್ಟೆಗೆ ಈ ಇಳಿಕೆಯೂ ಇಲ್ಲ. ಅದು ಒಣಗಿದರೆ ಎಳೆಗಳ ನಡುವೆ ಗಾಜಿನಂತೆ ಗಟ್ಟಿಕಟ್ಟುತ್ತದೆ. ಕೆಲಸ ಮುಗಿದ ತಕ್ಷಣ ನೀರಿಗೆ ಹಾಕಿ, ಬೇರೆ ಬಟ್ಟೆಗಳ ಜೊತೆ ಬೆರೆಯದಂತೆ ಕಟ್ಟಿ ಎಸೆಯಿರಿ.